ಇಳಿತದ ಹೊತ್ತು

ನಲವತ್ತೊಂದು ಪಂಪ್‌ಮನೆ, ನಲವತ್ತೊಂದು ಪೆಟ್ಟಿಗೆ.
ಊಟದ ಡಬ್ಬಿಯಷ್ಟು ಗಾತ್ರ, ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದು.
ಕಾಲುವೆಯ ನೀರನ್ನು ತಾವೇ ನೋಡಿ
ಪಂಪಿಗೆ ಏಳು ಎನ್ನುತ್ತವೆ, ಮಲಗು ಎನ್ನುತ್ತವೆ,
ಯಾರನ್ನೂ ಕೇಳದೆ.
ಲಿಂಕನ್‌ಶೈರಿನ ಈ ಅಂಚಿನಲ್ಲಿ
ನೆಲ ಕಡಲಿಗಿಂತ ತಗ್ಗು.
ಕೋಸಿನ ಹೊಲದಲ್ಲಿ ನಿಂತವರಿಗೆ
ದೋಣಿ ಹೆಗಲೆತ್ತರದಲ್ಲಿ ಹೋಗುತ್ತದೆ.

ನನ್ನ ಕೆಲಸ ಅವಕ್ಕೆ ಹೊಸ ಬುದ್ಧಿ ಕಳಿಸುವುದು.
ಯಾವಾಗ, ಯಾವುದಕ್ಕೆ ಮೊದಲು, ಯಾವುದರ ಜೊತೆ ಯಾವುದು –
ಸ್ಪಾಲ್ಡಿಂಗಿನ ಕಚೇರಿಯ ಗೋಡೆಗೆ
ಉದ್ದದ ಕಾಗದ ಅಂಟಿಸಿ ಮನೆ ಮನೆ ಗೆರೆ ಎಳೆದಿದ್ದೇನೆ.

ಹೊಂದಾಣಿಕೆ – ನಮ್ಮ ಸೋದರತ್ತೆ ಕಮಲಿನಿ
ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು.
ಹುಡುಗನಿಗೆ ಹುಡುಗಿ ಕೂಡಿಬಂದರೆ ಸಾಲದು,
ಮೈದುನನಿಗೆ, ನಾದಿನಿಗೆ, ಆ ಮನೆಯ ಒಲೆಗೂ ಕೂಡಿಬರಬೇಕು.
ಖರೆ ಮಾತು. ಹೊಸ ಆಪರೇಟಿಂಗ್ ಸಿಸ್ಟಮ್ ಹಳೆ ಚಿಪ್ಪಿಗೆ ಹೊಂದಿತು,
ಚಿಪ್ಪು ಮೋಡೆಮ್ಮಿಗೆ ಹೊಂದಿತು,
ನೀರಳೆಯುವ ಕಣ್ಣು ಮಾತ್ರ ಮುಖ ತಿರುಗಿಸಿ ಕೂತಿದೆ.
ಆ ಕಣ್ಣು ಮಾಡಿದ ಕಂಪನಿ ಬಾಗಿಲು ಹಾಕಿ ಆರು ವರ್ಷ.

ಮುಹೂರ್ತಕ್ಕೆ ಪಂಚಾಂಗ ಬೇಕಲ್ಲ,
ಬಂದರಿನಿಂದ ಉಬ್ಬರದ ಪಟ್ಟಿ ತಂದೆ.
ಕಡಲು ಹಿಂದೆ ಸರಿದಾಗ ತೂಬಿನ ಬಾಗಿಲು ತೆರೆದು
ನೀರು ತಾನಾಗಿ ಹೋಗುತ್ತದೆ; ಪಂಪಿಗೆ ಬಿಡುವು, ನನಗೆ ಕೆಲಸ.
ಹುಣ್ಣಿಮೆ ಬೇಡ, ಅಮಾವಾಸ್ಯೆ ಬೇಡ,
ಮಳೆ ಬರುವ ಸೂಚನೆಯಿದ್ದರೆ ಬೇಡ,
ಟ್ಯುಲಿಪ್ ಗಡ್ಡೆ ಊರುವ ವಾರ ಬೇಡ,
ಶುಕ್ರವಾರ ಬೇಡವೇ ಬೇಡ –
ರಾಹುಕಾಲವೆಂದಲ್ಲ,
ಶನಿವಾರ ಇಲ್ಲಿ ಯಾರೂ ಫೋನ್ ಎತ್ತುವುದಿಲ್ಲ.
ಎಲ್ಲ ಕಳೆದು ತಿಂಗಳಿಗೆ ಒಂಬತ್ತು ಗಂಟೆ ಉಳಿಯಿತು.

ಒಂದೊಂದು ಪೆಟ್ಟಿಗೆಯ ಒಳಗೂ ಎರಡು ಕೋಣೆ.
ಒಂದರಲ್ಲಿ ಹಳೆಯದು ದುಡಿಯುತ್ತಿರುವಾಗಲೇ
ಇನ್ನೊಂದರಲ್ಲಿ ಹೊಸದಕ್ಕೆ ಹಾಸಿಗೆ ಹಾಸುತ್ತೇವೆ.
ಮೂರು ಸಲ ಕೂಗಿದರೂ ಹೊಸದು ಏಳದಿದ್ದರೆ
ಹಳೆಯದೇ ಎದ್ದು ಬಾಗಿಲು ತೆಗೆಯತಕ್ಕದ್ದು.
ಹಾಗೆಂದು ಒಪ್ಪಂದ.

ಮಾರ್ಚ್. ಮಂಗಳವಾರ. ಬೆಳಗಿನ ಜಾವ ಎರಡೂ ನಲವತ್ತು.
ಮೊದಲ ನಾಲ್ಕು ಎದ್ದವು.
ಐದನೆಯದು, ಗಲ್ ಡ್ರೋವಿನದು,
ಎದ್ದಿತು, ಚೆನ್ನಾಗಿದ್ದೇನೆ ಎಂದಿತು,
ನೀರೆಷ್ಟು ಎಂದರೆ ಸೊನ್ನೆ ಎಂದಿತು.
ಸೊನ್ನೆ!
ಕಾಲುವೆ ತೋಡಿಯೇ ಇಲ್ಲವೆಂಬಂತೆ.
ಸತ್ತಿದ್ದರೆ ಹಳೆಯದು ಏಳುತ್ತಿತ್ತು.
ಬದುಕಿದ್ದು ಸುಳ್ಳು ಹೇಳುವುದಕ್ಕೆ
ಒಪ್ಪಂದದಲ್ಲಿ ಕಲಮು ಬರೆದಿರಲಿಲ್ಲ ನಾನು.

ಡೆಸ್ಮಂಡ್ ಥರ್ಲ್‌ಬಿಗೆ ಫೋನ್ ಮಾಡಿದೆ.
ಎದ್ದೇ ಇದ್ದೆ, ಅಂದ. ಅರವತ್ತೆಂಟು ವಯಸ್ಸು, ಇದ್ದರೂ ಇದ್ದಿರಬಹುದು.
ಚಪ್ಪಲಿಯ ಸದ್ದು, ಜಲ್ಲಿಯ ಸದ್ದು, ಆಮೇಲೆ ಗಾಳಿ.
ಟಾರ್ಚು ಹಿಡಿದು, ಗೆರೆ ಬಳಿದ ಬಿಳಿ ಕೋಲು ಇಳಿಸಿ
‘ಎರಡಡಿ ಒಂಬತ್ತಂಗುಲ’ ಎಂದ.
‘ಕೋಲಿನ ಪಕ್ಕ ನೀರುಕೋಳಿ ಮೊಟ್ಟೆಗೆ ಕೂತಿದೆ,
ಮೆಲ್ಲಗೆ ಮಾತಾಡು.’
ಹದಿನೇಳು ಮೈಲಿ ಆಚೆ
ನಾನು ದನಿ ತಗ್ಗಿಸಿದೆ.

ಹದಿನೈದು ನಿಮಿಷಕ್ಕೊಮ್ಮೆ ಅವನು ಓದಿದ, ನಾನು ಬರೆದೆ.
ನಾಲ್ಕೂ ಹತ್ತಕ್ಕೆ ಹಳೆಯದನ್ನು ಕೈಯಾರೆ ಎಬ್ಬಿಸಿದೆ,
ಕಡಲು ತಿರುಗಿ ಬರುವ ಮುಂಚೆ.
ಅದು ಕಣ್ಣುಜ್ಜಿ ನೋಡಿ
ಎರಡಡಿ ಹನ್ನೊಂದು ಎಂದಿತು.
ಥರ್ಲ್‌ಬಿ ಒಪ್ಪಲಿಲ್ಲ. ಹತ್ತೂವರೆ, ಎಂದ.

ಮರುದಿನ ಕಾಗದದ ಮೇಲೆ
ಗಲ್ ಡ್ರೋವಿಗೆ ಕಟ್ಟು ಹಾಕಿದೆ: ಹೊಸ ಕಣ್ಣು ಬರುವ ತನಕ ಮುಟ್ಟಬೇಡಿ.
ಎದ್ದರೆ ಸಾಲದು, ನೀರೆಷ್ಟೆಂದು ಕೇಳಿ ನೋಡಬೇಕು,
ಎಂದು ಎಲ್ಲಕ್ಕೂ ಮೇಲೆ ಕೆಂಪಿನಲ್ಲಿ ಬರೆದೆ.
ಯಾವುದರ ಮೇಲೆ ಯಾವುದು ನಿಂತಿದೆ ಎಂಬ ಮನೆಯಲ್ಲಿ
ಕರ್ನೆಲ್, ಡ್ರೈವರ್, ಮೋಡೆಮ್;
ಅದರ ಕೆಳಗೆ ಪೆನ್ಸಿಲಿನಲ್ಲಿ
ಥರ್ಲ್‌ಬಿ, ಟಾರ್ಚು, ಕೋಲು.

ಮೇಲಧಿಕಾರಿ ಫಿಲಿಪ್ಪಾ ಬಂದು, ಕನ್ನಡಕ ಏರಿಸಿ,
ಮೇಲಿಂದ ಕೆಳಗೆ ಓದಿದಳು. ನಗಲಿಲ್ಲ.
‘ಇವನಿಗೆ ಎರಡನೆಯ ಕೋಣೆ ಇದೆಯೇ?’

ಇನ್ನೂ ಶಾಯಿ ಹಾಕಿಲ್ಲ ಆ ಸಾಲಿಗೆ.
ಮುಂದಿನ ಇಳಿತ ಗುರುವಾರ, ಮೂರೂ ಐವತ್ತಕ್ಕೆ.